ಬಾಯಿ ಮುಚ್ಚಿದ ದೀಪ

ಕರೆಂಟ್ ಬರೋದು ಇನ್ನ ತಡ ಅದ, ಕೂಡ್ರಿ. ಆದ್ರ ನಡುವ ನಗೋರು ಈಗೇ ಎದ್ದು ಹೋಗ್ರಿ, ನಂಗ ಸಿಟ್ಟು ಬರ್ತದ. ಇದು ಅವರಿವರ ಬಾಯಿಂದ ಕೇಳಿದ್ದಲ್ಲ. ನಮ್ಮ ಕಾಕಾನ ಮಗ ಚಂದ್ರಶಾಗ ಆಗಿದ್ದು. ಎರಡ ಸಾವಿರದ ಆರನೇ ಇಸ್ವಿ, ಬ್ಯಾಸಿಗಿ. ಅವನ ಎಡಗೈ ಅಂಗೈ ಸುಟ್ಟು ಸುಕ್ಕಾಗಿದ್ದು ನೀವು ನೋಡೀರಿ. ಅದು ಆವಾಗಿಂದು.

ಚಂದ್ರಶಾ ಹಗಲೊತ್ತು ಕಪನೂರದಾಗ ಇಮಾಮುದ್ದೀನ್ ಚಾಚಾನ ವರ್ಕ್‌ಶಾಪಿನಾಗ ವೆಲ್ಡಿಂಗ್ ಮಾಡ್ತಿದ್ದ. ರಾತ್ರಿ ಕಮಲಾಪುರಕ್ಕ ಬಂದು ಮನ್ಯಾಗ ಕಾರಿನ ಹೆಡ್‌ಲೈಟ್, ನಾವು ಬತ್ತಿ ಅಂತೀವಲ್ಲ ಅದು, ಬಿಚ್ಚತಿದ್ದ. ಗಾಡಿ ಇದ್ದವರಿಗಿ ಆವಾಗ ಅದೊಂದು ಹುಚ್ಚು ಹಿಡದಿತ್ತು. ಬತ್ತಿ ಒಳಗ ಕರಿ ಬಣ್ಣ ಹೊಡಸೋದು, ಗಾಜಿನ ಅಂಚಿಗಿ ನೀಲಿ ಪಟ್ಟಿ ಎಳಸೋದು. ಇವನ ಹತ್ರ ಮಷಿನ್ ಇದ್ದಿಲ್ಲ. ಅವರವ್ವ, ನಮ್ಮ ಭೀಮಬಾಯಿ ಕಾಕಿ, ಮದಿವ್ಯಾಗ ತಂದ ತಗಡಿನ ಟ್ರಂಕ್ ಇತ್ತು. ಅದರಾಗ ಉಸುಕು ಹಾಕಿ, ಎರಡ ಇಟ್ಟಂಗಿ ಇಟ್ಟು, ಕೆಳಗ ಪಂಪ್ ಸ್ಟೋ ಹಚ್ಚತಿದ್ದ. ಬತ್ತಿ ಒಳಗಿಟ್ಟು ಮುಚ್ಚಳ ಹಾಕಿದ್ರ ಹತ್ತ ನಿಮಿಷದಾಗ ಗಾಜು ಹಿಡದಿದ್ದ ಕರಿ ಅಂಟು ಮೆತ್ತಗಾಗೋದು. ಗಾಜು ಬಿಚ್ಚಿ, ಒಳಗಿನ ಕೆಲಸ ಮುಗಿಸಿ, ಹೊಸ ಅಂಟು ಹಾಕಿ ಮತ್ತ ಮುಚ್ಚೋದು. ಕಡೀಕ ಬಕೀಟಿನ ನೀರಾಗ ಮುಳುಗಿಸಿ ನೋಡೋದು. ಗುಳ್ಳಿ ಬಂದ್ರ ಎಲ್ಲೋ ಸಂದಿ ಉಳದದ ಅಂತ. ಬರ್ಲಿಲ್ಲಂದ್ರ ಒಳಗಿಂದು ಒಳಗ, ಹೊರಗಿಂದು ಹೊರಗ. ಈ ಗುಳ್ಳಿ ಮಾತು ನೆನಪಿಡ್ರಿ.

ಆ ರಾತ್ರಿ ಕಡೀ ಬಸ್ಸಿಗಿ ಬಂದು ದೊಡ್ಡ ರಸ್ತಾದಾಗ ಇಳದ. ಹನ್ನೊಂದು ದಾಟಿತ್ತು. ಮನಿಗಿ ಹೋಗಬೇಕಂದ್ರ ಆಲದ ಗಿಡ, ಅದರ ಬಾಜೂಕಿನ ಹಳೀ ಭಾವಿ ದಾಟಬೇಕು. ಭಾವ್ಯಾಗಿನ ನೀರು ಇಂಗಿ ಎರಡ ವರ್ಷ ಆಗಿತ್ತು. ಅವನ ಚಪ್ಪಲಿ ಸಪ್ಪಳ ಬಿಟ್ರ ಏನೂ ಇಲ್ಲ... ಟಪ್... ಟಪ್... ಭಾವಿ ಕಟ್ಟಿ ಮ್ಯಾಲ ಒಂದು ಹಣತಿ ಉರೀತಿತ್ತು. ಹಣತಿ ಹಿಂದ ಯಾರೋ ಕುಂತಿದ್ರು.

"ಯಾರದು..."

"ನಾ ಪೀರಪ್ಪ, ತಮ್ಮಾ."

ಪೀರಪ್ಪ ಅಂದ್ರ ಇವರ ಓಣ್ಯಾಗಿನವನೇ. ಅವನ ಹೆಣ್ತಿ ಪುತಳಾಬಾಯಿ ದಿನಾ ನಸುಕಿನ್ಯಾಗ ಕೆಂಪು ಬಾಳಿಹಣ್ಣಿನ ಬುಟ್ಟಿ ಹೊತಗೊಂಡು ಮೊದಲನೇ ಬಸ್ಸಿಗಿ ಕಲಬುರಗಿಗಿ ಹೋಗ್ತಿದ್ಳು. ಆ ದಿನ ನಸುಕಿನ್ಯಾಗ ಆ ಗಿಡದ ಹತ್ರಾನೇ ಒಂದು ಗಾಡಿ ಆಕಿನ್ನ ಹೊಡದು, ಇಪ್ಪತ್ತು ಮಾರು ಎಳಕೊಂಡು ಹೋಗಿ, ನಿಲ್ಲಲಾರದ ಓಡಿ ಹೋಗಿತ್ತು. ಮಾರಿ ಅನ್ನೋದು ಉಳದಿದ್ದಿಲ್ಲ. ಬಾಳಿಹಣ್ಣಿನ ಸಿಪ್ಪಿ ಯಾವುದು, ಆಕಿ ಸೀರಿ ಚೂರು ಯಾವುದು ಅಂತ ಗೊತ್ತಾಗಲಾರದಂಗ ಡಾಂಬರಿಗಿ ಹತ್ತಿಕೊಂಡಿತ್ತು. ಮಧ್ಯಾಹ್ನ ಮಣ್ಣ ಮಾಡಿದ್ರು. ಚಂದ್ರಶಾಗ ಬಸ್ಸಿನಾಗೇ ಸುದ್ದಿ ಸಿಕ್ಕಿತ್ತು.

ಜೀವ ಹೋದ ಜಾಗಾದಾಗ ಹನ್ನೊಂದು ದಿನ ದೀಪ ಇಡೋದು ಅವರ ಮನಿ ಪದ್ಧತಿ. ಒಂದು ಲಾರಿ ಹೋಯ್ತು. ಅದರ ಗಾಳಿಗಿ ಹಣತಿ... ಫುಸ್... ಆರಿತು. ಪೀರಪ್ಪ ಮತ್ತ ಕಡ್ಡಿ ಗೀರಿದ.

"ಮಾಮಾ, ಮನಿಗಿ ನಡಿ."

"ನೀ ಬತ್ತಿ ಕೆಲಸದವ ಅಲ್ಲೇನು. ಇದು ನೋಡು."

ಧೋತರದ ಚುಂಗಿನಿಂದ ಒಂದು ಗಾಜಿನ ಚೂರು ತಗದ. "ಉಳದಿದ್ದೆಲ್ಲಾ ಪೊಲೀಸ್ರು ಒಯ್ದಾರ. ಇದು ಆಕಿ ಕೂದಲದಾಗ ಸಿಕ್ಕಿತ್ತು. ಮೈ ತೊಳ್ಯಾಗ."

ಚಂದ್ರಶಾ ಹಣತಿ ಬೆಳಕಿಗಿ ಹಿಡದು ನೋಡ್ದ. ಅಂಚಿಗಿ ಸಣ್ಣ ನೀಲಿ ಪಟ್ಟಿ. ಒಂದು ಕಡಿ ಪಟ್ಟಿ ಸೊಟ್ಟಗಾಗಿತ್ತು. ಆ ದಿನ ಪಟ್ಟಿ ಎಳಿಯಾಗ ಅವರವ್ವ ಚಹಾಕ್ಕ ಕರದಿದ್ಳು, ಇವನ ಕೈ ಜರದಿತ್ತು. ತನ್ನ ಕೈಲೇ ಎಳದಿದ್ದು ಅದು. ಯಾರ ಗಾಡಿಗಿ ಎಳದಿದ್ದ ಅನ್ನೋದೂ ಗೊತ್ತಿತ್ತು.

"ಯಾವ ಗಾಡಿದು, ತಮ್ಮಾ?"

"ಗೊತ್ತಿಲ್ಲ ಮಾಮಾ."

ಇದು ನೋಡ್ರಿ ಅವನ ಮೊದಲನೇ ಸುಳ್ಳು. ನಮ್ಮ ರಕ್ತಾನೇ ಆದ್ರೂ ಹೇಳ್ತೀನಿ, ನಾ ಅಲ್ಲಿದ್ದಿದ್ರ ಅವನ ಕಪಾಳಕ್ಕ ಎರಡ ಕೊಡ್ತಿದ್ದೆ. ಪೀರಪ್ಪ ಚೂರು ಹೊಳ್ಳಿ ಚುಂಗಿನ್ಯಾಗ ಕಟಗೊಂಡ.

"ನಾ ಇಲ್ಲೇ ಕೂಡ್ತೀನಿ. ಹೋಗೋ ಬರೋ ಗಾಡಿಗೆಲ್ಲಾ ಇದು ಹಿಡದು ನೋಡ್ತೀನಿ. ಯಾರು ಅಂತ ಗೊತ್ತಾದ್ರ ಸಾಕು ನಂಗ. ಗೊತ್ತಾಗಲಾರದ ನಾ ಊಟಾ ಹ್ಯಾಂಗ ಮಾಡ್ಲಿ?"

ಇವ ಮನಿಗಿ ಬಂದ್ರ ಮನಿ ಮುಂದ ಬಿಳಿ ಕಾರು, ಭಾವಿ ಕಡಿಂದ ಬರಲಾರದ ಹೊಲದ ಹಾದೀಲಿ ಬಂದಿತ್ತು. ಮುಂದಿನ ಭಾಗಕ್ಕ ಗೋಣಿಚೀಲ ಹೊಚ್ಚಿತ್ತು. ಒಳಗ ಸ್ಟೋ ಆಗಲೇ ಭರ್ರ್ ಅಂತ ಉರೀತಿತ್ತು. ಟ್ರಂಕಿನ ಮುಂದ ಅಣವೀರಪ್ಪ ಸಾವ್ಕಾರ ಕುಂತಿದ್ದ. ಕಲ್ಲು ಒಡದು ಕಂಕರ್ ಮಾಡೋ ಮಷಿನ್ ಮಾಲಕ. ಅವನ ಮುಂದಿನ ಹಲ್ಲಿಗಿ ಬಂಗಾರದ ಕಟ್ಟು ಇತ್ತು. ಅದು ತೋರಸಾಕೇ ನಗತಾನ ಅಂತ ಊರ ಮಂದಿ ಆಡಕೋತಿದ್ರು. ಈಗೂ ನಕ್ಕ.

"ಬಾ ಚಂದ್ರಶಾ. ಬೆಳಗಾಗೋದ್ರಾಗ ಮುಗೀಬೇಕು."

ಒಡದ ಬಲಗಡಿ ಬತ್ತಿ ಬಿಚ್ಚಿ ತಂದು ನೆಲಕ್ಕಿಟ್ಟಿದ್ದ. ಅದರ ಬಾಜೂಕ ಹಳೀ ಸಾಮಾನಿನ ಅಂಗಡ್ಯಾಗಿಂದ ತಂದ ಇನ್ನೊಂದು ಬತ್ತಿ. ಅದರ ಗಾಜು ನೆಟ್ಟಗಿತ್ತು, ಹಿಂದಿನ ಡಬ್ಬಿ ಮುರದಿತ್ತು. ಆ ಗಾಜು ತಗದು ಈ ಡಬ್ಬಿಗಿ ಕೂಡ್ಸಬೇಕು. ಆಕಡಿ ಬತ್ತಿದೂ ನೀಲಿ ಪಟ್ಟಿ ಒರಸಿ ತಗೀಬೇಕು. ಸಿಟಿ ಒಳಗ ಯಾರ ಅಂಗಡಿಗಿ ಹೋದ್ರೂ ನಾಕ ಮಂದಿ ಕೇಳ್ತಾರ, ಅದಕ್ಕ ಇಲ್ಲಿಗಿ ಬಂದಿದ್ದ.

"ಸಾವ್ಕಾರ್ರಿ... ಪುತಳಾಬಾಯಿ..."

ಅಷ್ಟೇ ಅಂದಿದ್ದು. ಅಣವೀರಪ್ಪ ಇವನ ಎಡಗೈ ಮಣಕಟ್ಟು ಹಿಡದು ಕಾದ ಟ್ರಂಕಿನ ಮುಚ್ಚಳಕ್ಕ ಒತ್ತಿದ. ಚರ್ರ್ ಅಂತು. ಇನ್ನೊಂದು ಕೈಲೇ ಇವನ ಬಾಯಿ ಮುಚ್ಚಿದ. ಚರ್ಮ ತಗಡಿಗಿ ಹತ್ತಿಕೊಂಡು ಕಿತ್ತು ಬರೋತನಕ ಬಿಡ್ಲಿಲ್ಲ.

"ಒದರಬ್ಯಾಡ. ನಿಮ್ಮವ್ವ ಒಳಗಿನ ಖೋಲ್ಯಾಗ ಮಲಗ್ಯಾಳ," ಅಂತ ಕಿವ್ಯಾಗ ಅಂದ. "ಆಕಿನೂ ನಸುಕಿನ್ಯಾಗ ಅದೇ ಹಾದೀಲಿ ಹಾಲಿಗಿ ಹೋಗ್ತಾಳ, ಹೌದಿಲ್ಲೋ?"

ಚಂದ್ರಶಾ ಬಲಗೈಲೇ ಕೆಲಸ ಮಾಡ್ದ. ಸಾವ್ಕಾರ ಸಿಗರೇಟ್ ಸೇದಾಕ ಹೊರಗ ಹೋದಾಗ ಒಡದ ಬತ್ತಿ ತಿರುವಿ ನೋಡ್ದ. ಒಳಗ ರಕ್ತ ಒಣಗಿತ್ತು. ಉದ್ದನ್ನ ಕೂದಲು. ಮೂಲ್ಯಾಗಿನ ಅಂಟಿನ್ಯಾಗ ಒಂದು ಹಲ್ಲು ಸಿಕ್ಕೊಂಡಿತ್ತು. ಎಲಿ ಅಡಿಕಿ ತಿಂದು ಕೆಂಪಾದ ಹಲ್ಲು.

ಈಗ ಹೇಳ್ರಿ, ಆ ಹಲ್ಲು ಏನ ಮಾಡಬೇಕು? ಸತ್ತವರ ಎಲುಬು ಕಸದಾಗ ಒಗ್ಯಾಕ ಬರಂಗಿಲ್ಲ. ಮಣ್ಣಿಗಿ ಕೊಡಬೇಕು, ಇಲ್ಲಾ ನೀರಿಗಿ ಕೊಡಬೇಕು. ಕಿಸೇದಾಗ ಇಟಗೊಂಡ್ರ ಸಾವ್ಕಾರ ತಡವಿ ನೋಡ್ತಾನ. ಆವಾಗ ಅವಗ ಭಾವಿ ಕಟ್ಟಿ ಮ್ಯಾಲಿನ ಹಣತಿ ನೆನಪಾಯ್ತು. ಗಾಳಿಗಿ ಆರೋ ಹಣತಿ. ಇದು ಗಾಳಿಗಿ ಆರಂಗಿಲ್ಲ, ಇದೇ ಆಕಿ ದೀಪ ಆಗ್ಲಿ ಅಂತ ಅನಕೊಂಡ. ಬಾಯಿ ಬಿಟ್ಟು ಹೇಳೋ ಧೈರ್ಯ ಇಲ್ಲದಾವ ದೀಪ ಹಚ್ಚಿ ಪಾಪ ಕಳಕೋಳಾಕ ನೋಡ್ದ. ಕಡ್ಲಿಕಾಳಿನಷ್ಟು ಅಂಟು ತಗೊಂಡು ಹಲ್ಲು ಒಳಗಿನ ಕೆಳ ಮೂಲ್ಯಾಗ ಗಟ್ಟಿ ಕೂಡ್ಸಿದ. ಮ್ಯಾಲ ಗಾಜು ಒತ್ತಿ ಮುಚ್ಚಿದ.

ಬಕೀಟಿನ್ಯಾಗ ಮುಳುಗಿಸಿದ. ಒಂದೂ ಗುಳ್ಳಿ ಬರ್ಲಿಲ್ಲ. ಆದ್ರ ನೀರಿನ ಒಳಗಿಂದ ಒಂದು ಸಪ್ಪಳ ಬಂತು... ಟಿಕ್... ಟಿಕ್... ಗಾಜಿಗಿ ಒಳಗಿಂದ ಏನೋ ಬಡದಂಗ. ಮ್ಯಾಲ ಎತ್ತಿ ನೋಡ್ದ. ಹಲ್ಲು ಇಟ್ಟಲ್ಲೇ ಇತ್ತು.

ಆಮ್ಯಾಲ ದಿನಾ ರಾತ್ರಿ ಅದೇ ಹಾದಿ, ಅದೇ ಭಾವಿ. ಪೀರಪ್ಪ ಒಂದು ಟಾರ್ಚ್ ಹಿಡಕೊಂಡು ಗಾಡಿ ನಿಲ್ಲಸ್ತಿದ್ದ. ಕೆಲವರು ನಿಲ್ಲತಿದ್ರು. ಕೆಲವರು ಬೈದು ಹೋಗ್ತಿದ್ರು. ಒಬ್ಬಾವ ಅವನ ಎದಿಗಿ ಒದ್ದು ಗಟಾರದಾಗ ಕೆಡವಿ ಹೋದ. ಚಂದ್ರಶಾ ಹೋಗೋ ಮುಂದ ಒಂದೇ ಮಾತು.

"ಚೂರು ಯಾವುದಕ್ಕರ ಕೂಡ್ತೇನು ಮಾಮಾ?"

"ಇಲ್ಲ ತಮ್ಮಾ. ಇನ್ನ ಕೂಡಿಲ್ಲ."

ಕೂಡಂಗಿಲ್ಲ ಅಂತ ಇವಗ ಗೊತ್ತಿತ್ತು. ಬತ್ತ್ಯಾಗ ಉಳದಿದ್ದ ಒಡಕ ಗಾಜು ಚೂರು ಚೂರು ಮಾಡಿ ಹುಗದಿದ್ದಾವ ಇವನೇ.

ಹತ್ತನೇ ರಾತ್ರಿ ಭೀಮಬಾಯಿ ಕಾಕಿ ಇವನ ಕೈ ಹಿಡದು ಕೂಡ್ಸಿದ್ಳು. ಕೈ ಕೀವು ಬಿಟ್ಟಿತ್ತು. ಹತ್ತ ದಿನದಿಂದ ಅರ್ಧ ರೊಟ್ಟಿನೂ ತಿಂದಿದ್ದಿಲ್ಲ. ಕಾಕಿ ಸುಮ್ನ ಬಿಡೋ ಹೆಣ್ಮಗಳಲ್ಲ. ಅಳಕೋತ ಎಲ್ಲಾ ಹೇಳ್ದ. ಹಲ್ಲಿನ ಮಾತು ಬಂದಾಗ ಕಾಕಿ ಕೈ ಬಿಟ್ಟಳು.

"ದೀಪಕ್ಕ ಬಾಯಿ ಇರಬೇಕೋ ಮೂರ್ಖಾ," ಅಂದ್ಳು, ಸಣ್ಣ ದನಿಲೇ. "ಹನ್ನೊಂದು ದಿನ ಆದಮ್ಯಾಲ ಜೀವ ಆ ಬೆಳಕಿನ ಹಿಂದ ಹೋಗ್ತದ. ನೀ ಆಕಿನ್ನ ಒಳಗ ಹಾಕಿ ಬಾಯಿ ಮುಚ್ಚೀದಿ. ಆಕಿ ಯಾವ ಕಡಿಂದ ಹೋಗಬೇಕು?"

"ಹೇಳಿದ್ರ ನಿನ್ನ ಹೊಡೀತಾನ ಅವ್ವಾ."

"ನಾಳಿಂದ ನಾ ಹಾಲಿಗಿ ಹೋಗಂಗಿಲ್ಲ. ನೀ ಪೀರಪ್ಪಗ ಹೇಳು. ಹೇಳಲಾರದ ಈ ಮನಿ ಹೊಸ್ತಿಲಾ ದಾಟಬ್ಯಾಡ."

ಅಂಥ ಹೆಣ್ಮಗಳು ನಮ್ಮ ಕಾಕಿ. ಈಗ ಇಲ್ಲ.

ಹನ್ನೊಂದನೇ ರಾತ್ರಿ. ಇವತ್ತ ಹೇಳೇ ಬಿಡ್ತೀನಿ ಅಂತ ಬಾಯಾಗ ಮಾತು ಕಟಗೊಂಡು ಬಸ್ ಇಳದ. ಇಳದಲ್ಲೇ ಬಿಳಿ ಕಾರು ನಿಂತಿತ್ತು. ಬಾಗಲಾ ತಗೀತು.

"ಹತ್ತು."

ಅಣವೀರಪ್ಪನ ಮಾರಿ ಗುರ್ತು ಸಿಗಂಗಿದ್ದಿಲ್ಲ. ಕಣ್ಣು ಒಳಗ ಹೋಗಿದ್ದವು. ಬಲಗಡಿ ಬತ್ತಿ ಒಳಗ ಮಂಜು ಹಿಡದಿತ್ತು, ಯಾರೋ ಒಳಗ ಉಸರು ಬಿಟ್ಟಂಗ. ಅದರ ಬೆಳಕು ರಸ್ತಾದ ಮ್ಯಾಲ ಬೀಳತಿದ್ದಿಲ್ಲ. ಭಾವಿ ಕಡಿಗೇ ಸರದು ಬೀಳತಿತ್ತು.

"ಹತ್ತ ಸಲ ನೆಟ್ಟಗ ಮಾಡಸೀನಿ. ಮತ್ತ ಹೊಳ್ಳತದ," ಅಂದ. "ಮತ್ತ ಆ ಸಪ್ಪಳ... ಕೇಳಸ್ತದಿಲ್ಲ? ಮಲಗಿದ್ರೂ ಕೇಳಸ್ತದ. ಇವತ್ತ ಬಿಚ್ಚು ಅದನ್ನ."

ಕೇಳಸತಿತ್ತು. ಇಂಜಿನ್ ಸಪ್ಪಳದ ಮ್ಯಾಲೂ ಕೇಳಸತಿತ್ತು... ಟಿಕ್... ಟಿಕ್... ಟಿಕ್...

ಭಾವಿ ಹತ್ರ ಪೀರಪ್ಪ ಟಾರ್ಚ್ ಎತ್ತಿ ರಸ್ತಾದ ನಡುವ ನಿಂತ. ಅಣವೀರಪ್ಪ ನಿಲ್ಲಿಸಿದ. ನೋಡ್ಲಿ, ಕೂಡಂಗಿಲ್ಲಲ್ಲ ಅನ್ನೋ ಸೊಕ್ಕು. ಪೀರಪ್ಪ ಎಡಗಡಿ ಬತ್ತಿಗಿ ಚೂರು ಹಿಡದ. ಕೂಡ್ಲಿಲ್ಲ. ಬಲಗಡಿ ಬತ್ತಿಗಿ ಹಿಡದ. ಕೂಡ್ಲಿಲ್ಲ. ಹೋಗ್ರಿ ಅಂತ ಕೈ ಎತ್ತಿದ... ಎತ್ತಿದ ಕೈ ಅಲ್ಲೇ ನಿಂತಿತು.

ಬತ್ತಿ ಒಳಗಿನ ಮಂಜು ಯಾರೋ ಒರಸಿದಂಗ ಹೊಂಟಿತ್ತು. ಹೊರಗಿಂದ ಅಲ್ಲ, ಒಳಗಿಂದ. ಕೈಬಟ್ಟಿನ ನಾಕ ಗೆರಿ, ಮ್ಯಾಲಿಂದ ಕೆಳಗ. ಗೆರಿ ಮುಗಿದಲ್ಲಿ ಹಲ್ಲು ಕಾಣಸ್ತು.

ಪೀರಪ್ಪ ಮೊಣಕಾಲೂರಿ ಕುಂತ. "ಪುತಳಾ..." ಅಂದ. ನಲವತ್ತು ವರ್ಷ ಸಂಸಾರ ಮಾಡಿದ ಮನಿಷಾಗ ಹೆಣ್ತಿ ಹಲ್ಲಿನ ಗುರ್ತು ಹತ್ತಂಗಿಲ್ಲೇನು?

ಅಣವೀರಪ್ಪ ಜಾಕಿನ ರಾಡ್ ತಗೊಂಡು ಇಳದ. ಹಿಂದಿಂದ ಹೋಗಿ ತಲಿಗಿ ಹಾಕಿದ. ಡಬ್ ಅಂತು. ಪೀರಪ್ಪ ಬಿದ್ದ. ಬಿದ್ದ ಮ್ಯಾಲ ಹೆಗಲಿಗಿ ಇನ್ನೊಂದು ಹಾಕಿದ, ಎಲುಬು ಲಟ್ ಅಂತು. ಆಮ್ಯಾಲ ಹೊಳ್ಳಿ ಬಂದು ಗಾಡ್ಯಾಗ ಕುಂತು ಹಿಂದಕ್ಕ ತಗದ. ಹತ್ತು ಮಾರು... ಇಪ್ಪತ್ತು ಮಾರು... ಪೀರಪ್ಪನ ಮ್ಯಾಲ ಹಾಯಿಸಾಕ ಜಾಗಾ ಮಾಡಕೋತಿದ್ದ.

ಚಂದ್ರಶಾ ಬಾಗಲಾ ತಗದು ಜಿಗದ. ಓಡಿ ಹೋಗಬಹುದಿತ್ತು, ಹೊಲ ಬಾಜೂಕೇ ಇತ್ತು. ಓಡ್ಲಿಲ್ಲ ನನ್ನ ತಮ್ಮ. ಹೋಗಿ ಪೀರಪ್ಪನ ಮುಂದ ನಿಂತ, ಆ ಎರಡೂ ಬತ್ತಿ ಬೆಳಕಿನ್ಯಾಗ.

"ಮಾಮಾ, ಇದೇ ಗಾಡಿ. ಇವನೇ ಹೊಡದಾನ. ಬತ್ತಿ ಮುಚ್ಚಿಕೊಟ್ಟಾವ ನಾನು. ನಿಂಗ ಸುಳ್ಳ ಹೇಳೀನಿ."

ಪೀರಪ್ಪಗ ಎಚ್ಚರ ಇತ್ತು. "ಹೂಂ..." ಅಂದ.

ಗಾಡಿ ಬಂತು. ಇಂಜಿನ್ ಒದರಿತು. ಚಂದ್ರಶಾ ಕಣ್ಣು ಮುಚ್ಚಲಿಲ್ಲ, ಅದಕ್ಕೇ ನಂಗ ಇಷ್ಟು ಗೊತ್ತು. ಎಡಗಡಿ ಬತ್ತಿ ಆರಿತು. ಬಲಗಡಿದು ಒಂದೇ ಉಳೀತು. ಆ ಬೆಳಕು ಸರಕ್ ಅಂತ ಭಾವಿ ಕಡಿ ಹೊಳ್ಳಿತು. ಗಾಡಿ ಅದರ ಹಿಂದ ಹೊಳ್ಳಿತು. ಅಣವೀರಪ್ಪ ಎರಡೂ ಕೈಲೇ ಸ್ಟೇರಿಂಗ್ ಈಕಡಿ ಎಳೀತಿದ್ದ, ಅವನ ಬಾಯಿ ತೆರದಿತ್ತು, ಬಂಗಾರದ ಹಲ್ಲು ಹೊಳೀತಿತ್ತು. ಗಾಡಿ ಕೇಳ್ಲಿಲ್ಲ. ಬಾಜೂಕ ಹಾಯೋವಾಗ ಚಂದ್ರಶಾನ ಮೊಣಕಾಲು ಚಿಪ್ಪು ಒಡೀತು. ಮುಂದ ಹೋಗಿ ಭಾವಿ ಕಟ್ಟಿಗಿ ಧಡಾರ್ ಅಂತ ಬಡೀತು.

ಅಣವೀರಪ್ಪ ಗಾಜು ಒಡಕೊಂಡು ಹೊರಗ ಬಂದು ಬೋರಲಾಗಿ ಕಟ್ಟಿ ಕಲ್ಲಿಗಿ ಬಿದ್ದಿದ್ದ. ಮಾರಿ ಅನ್ನೋದು ಉಳದಿದ್ದಿಲ್ಲ. ಬಾಯಿ ಇದ್ದ ಜಾಗಾದಾಗ ರಕ್ತ ಬುಳು ಬುಳು ಅಂದು... ನಿಂತಿತು.

ಬ್ಯಾಟ್ರಿ ಕಿತ್ತು ಹೋಗಿ ಭಾವ್ಯಾಗ ಬಿದ್ದಿತ್ತು. ಆದ್ರೂ ಬಲಗಡಿ ಬತ್ತಿ ಉರೀತಿತ್ತು. ಗಾಜಿಗಿ ಒಂದು ಗೀರಿಲ್ಲ. ಪೀರಪ್ಪ ರಕ್ತದ ತಲಿ ಹಿಡಕೊಂಡು, ತೆವಳಕೋತ ಹೋಗಿ, ನೆಲಕ್ಕ ಬಿದ್ದಿದ್ದ ಹಣತಿ ಎತ್ತಿ, ತಳದಾಗ ಉಳದ ಎಣ್ಣಿಲೇ ಮತ್ತ ಹಚ್ಚಿದ. ಹಣತಿ ಹತ್ತಿದ ಮ್ಯಾಲ ಗಾಡಿ ಬತ್ತಿ ಆರಿತು. ಮೆಲ್ಲಕ ಆರಿತು.

ಬೆಳಿಗ್ಗಿ ಪಂಚನಾಮಾ ಆಯ್ತು. ಚಂದ್ರಶಾ ತನ್ನ ತಪ್ಪು ಸೈತ ಎಲ್ಲಾ ಬರಿಸಿಕೊಟ್ಟ. ಅದಕ್ಕ ಏನ ಅನುಭವಿಸಬೇಕೋ ಅದೂ ಅನುಭವಿಸಿದ. ಒಂದೇ ಒಂದು ತಕರಾರು ಉಳೀತು. ಅಣವೀರಪ್ಪನ ಬಂಗಾರದ ಹಲ್ಲು ಸಿಗ್ಲಿಲ್ಲ. ಅವನ ಮನಿಯವರು ಕಟ್ಟಿ ಸಂದಿಯೆಲ್ಲಾ ಕೆದರಿದ್ರು, ಭಾವ್ಯಾಗ ಇಳದು ಮಣ್ಣು ಜರಡಿ ಹಿಡದ್ರು. ಪೀರಪ್ಪ ಕದ್ದಾನ ಅಂತ ದವಾಖಾನ್ಯಾಗ ಮಲಗಿದವನ ಧೋತರ ಜಾಡಿಸಿದ್ರು. ಗಾಜಿನ ಚೂರು ಬಿಟ್ರ ಏನೂ ಬೀಳ್ಲಿಲ್ಲ.

ಠಾಣೇದಾಗ ನಿಂತಿದ್ದ ಗಾಡಿ, ಬತ್ತಿ ಯಾರೂ ಬಿಚ್ಚಲಾರದಂಗೇ, ವರ್ಷ ಆದ ಮ್ಯಾಲ ಗುಜರಿಗಿ ಹೋಯ್ತು. ಇಮಾಮುದ್ದೀನ್ ಚಾಚಾ ಅಲ್ಲಿ ಆ ಬತ್ತಿ ನೋಡಿ, ಚಂದ್ರಶಾನ ಕೈ ಕೆಲಸ ಅಂತ ಗುರ್ತು ಹಿಡದು ತಂದುಕೊಟ್ಟ. ಹಲ್ಲು ತಗದು ಮಣ್ಣಿಗಿ ಕೊಡೋಣು ಅಂತ ಚಂದ್ರಶಾ ಪೀರಪ್ಪಗ ಹೇಳಿ ಕಳಿಸಿದ. ಆ ದಿನ ನಾನೂ ಇದ್ದೆ. ಟ್ರಂಕು ಕಾಸಿದ. ಹತ್ತ ನಿಮಿಷ, ಇಪ್ಪತ್ತು ನಿಮಿಷ, ಅರ್ಧ ತಾಸು. ಅಂಟು ಮೆತ್ತಗಾಗ್ಲಿಲ್ಲ. ಮೂರ ಸಲ ಕಾಸಿದ. ಕಡೀಕ ಒದ್ದಿ ಅರಬಿಲೇ ಗಾಜು ಒರಸಿ ಒಳಗ ನೋಡ್ದ. ನೋಡಿ ಪೀರಪ್ಪನ ಕೈಗಿ ಕೊಟ್ಟ.

ಪೀರಪ್ಪ ಗಾಜಿಗಿ ಕಣ್ಣು ಹಚ್ಚಿ ನೋಡ್ದ. "ಬ್ಯಾಡ ತಮ್ಮಾ. ತೆರೀಬ್ಯಾಡ," ಅಂದ. "ಆಕಿ ಹೋಗ್ಯಾಳ. ಈಗ ಒಳಗಿರಾವ ಬ್ಯಾರೆ."

ಧೋತರದಾಗ ಸುತ್ತಕೊಂಡು ಮನಿಗಿ ಒಯ್ದು ಗ್ವಾಡಿ ಮಾಡದಾಗ ಇಟ್ಟ. ಈಗೂ ಅಲ್ಲೇ ಅದ, ನಾಳಿಗಿ ನಡ್ರಿ ತೋರಸ್ತೀನಿ. ವೈರ್ ಇಲ್ಲ, ಬಲ್ಬ್ ಇಲ್ಲ. ಕೆಳ ಮೂಲ್ಯಾಗ ಚಂದ್ರಶಾ ಕೂಡ್ಸಿದ ಕೆಂಪು ಹಲ್ಲು ಇದ್ದಲ್ಲೇ ಅದ. ಅದಕ್ಕ ಹತ್ತಿಕೊಂಡೇ ಇನ್ನೊಂದು ಅದ, ಬಂಗಾರದ ಕಟ್ಟಿಂದು. ಕತ್ತಲದಾಗ ಕಿವಿ ಹಚ್ಚಿದ್ರ ಈಗ ಟಿಕ್ ಟಿಕ್ ಅನ್ನಂಗಿಲ್ಲ. ಹಲ್ಲು ಹಲ್ಲು ಕಡದಂಗ ಕರ್... ಕರ್... ಅಂತದ.

ಅದು ಹ್ಯಾಂಗ ಒಳಗ ಹೋಯ್ತು ಅಂತ ನನ್ನ ಕೇಳಬ್ಯಾಡ್ರಿ. ಎಲ್ಲೋ ಸಂದಿ ಇರ್ತದ ಅಂತ ನಂಗೂ ಅನುಮಾನ ಇತ್ತು. ಬಕೀಟಿನ್ಯಾಗ ನೀರು ತುಂಬಿ ಈ ಎರಡ ಕೈಲೇ ಮುಳುಗಿಸಿ ಹಿಡದೀನಿ, ನೂರು ಎಣಿಸೋತನಕ. ಒಂದೂ ಗುಳ್ಳಿ ಬರ್ಲಿಲ್ಲ.